ಯೋಗ ಕ್ಲಾಸಿಗೆ ಹೋದರೆ ವಿಶ್ವಾಸಕ್ಕೆ ಧಕ್ಕೆಯಾ? ಮುಂಬೈ, ಪುಣೆ, ಗೋವಾದವರು ಸ್ವಲ್ಪ ಹೇಳಿ

ಮೀರಾರೋಡ್ ಸೊಸೆ:
ಎಲ್ಲರಿಗೂ ನಮಸ್ಕಾರ. ನಾವು ಕಾರ್ಕಳ ಕಡೆಯ ಕ್ಯಾಥೊಲಿಕರು. ಮದುವೆಯಾದ ಮೇಲೆ ಮೀರಾ ರೋಡ್. ಕೆಳಬೆನ್ನು ನೋವು ಶುರುವಾಗಿ ವರ್ಷ ದಾಟಿತು. ಚರ್ಚ್‌ಗೇಟ್ ತನಕ ಲೋಕಲ್‌ನಲ್ಲಿ ನಿಂತು ಹೋಗುವುದು, ಆಮೇಲೆ ಇಡೀ ದಿನ ಕುರ್ಚಿ. ಡಾಕ್ಟರು ಎಂಆರ್‌ಐ ನೋಡಿ, ಡಿಸ್ಕ್ ಸ್ವಲ್ಪ ಉಬ್ಬಿದೆ, ಆಪರೇಷನ್ ಬೇಡ, ಫಿಸಿಯೋ ಮುಗಿಸಿ ನಿಧಾನಕ್ಕೆ ಯೋಗ ಶುರು ಮಾಡಿ ಅಂದರು.

ನಮ್ಮ ಸೊಸೈಟಿ ಹಾಲ್‌ನಲ್ಲೇ ಬೆಳಿಗ್ಗೆ ಕ್ಲಾಸ್ ಇದೆ. ಶುರುವಿಗೆ ಓಂ, ಆಮೇಲೆ ಒಂದು ಶ್ಲೋಕ. ಮೂಲೆಯಲ್ಲಿ ಯೋಗಸೂತ್ರ ಬರೆದ ಪತಂಜಲಿಯ ಫೋಟೋ, ಅದಕ್ಕೆ ಹೂ, ಊದುಬತ್ತಿ. ಕೊನೆಗೆ ಸೂರ್ಯನಮಸ್ಕಾರ, ಪ್ರತಿಯೊಂದಕ್ಕೂ ಒಂದು ಮಂತ್ರ. ಇದು ನಮ್ಮ ಪ್ರೇಯರ್ ಗ್ರೂಪಿನವರಿಗೆ ಗೊತ್ತಾಯಿತು. ಒಬ್ಬ ಆಂಟಿ ಮನೆಗೇ ಬಂದು, "ಅದು ಬಾಗಿಲು ತೆರೆದಿಟ್ಟ ಹಾಗೆ, ಏನು ಒಳಗೆ ಬರುತ್ತದೋ ಗೊತ್ತಾಗುವುದಿಲ್ಲ" ಅಂದರು. ಅವತ್ತಿನಿಂದ ನಮ್ಮ ಅತ್ತೆ ನನ್ನ ಮ್ಯಾಟಿನ ಮೇಲೆ ಪವಿತ್ರ ನೀರು ಚಿಮುಕಿಸುತ್ತಾರೆ. ಗಂಡನನ್ನು ಕೇಳಿದರೆ "ನಿಮ್ಮಿಬ್ಬರ ಮಧ್ಯೆ ನನ್ನನ್ನು ಎಳೆಯಬೇಡಿ" ಅನ್ನುತ್ತಾರೆ.

ನೋವು ಕಡಿಮೆಯಾಗಿದೆ, ಅದು ನಿಜ. ಆದರೆ ಪಾಪನಿವೇದನೆಗೆ ಹೋದಾಗ ಇದನ್ನು ಹೇಳಬೇಕೋ ಬೇಡವೋ ಅಂತ ಗೊಂದಲ. ನೀವೆಲ್ಲ ಏನು ಮಾಡುತ್ತೀರಿ?

ಕುರ್ಲಾ ಕಾಕ:
ಮೊದಲು ಅತ್ತೆಗೆ ಹೇಳಿ, ಒದ್ದೆ ಮ್ಯಾಟ್ ಮೇಲೆ ಕಾಲು ಜಾರಿದರೆ ಇನ್ನೊಂದು ಡಿಸ್ಕ್ ಹೋಗುತ್ತದೆ.

ವಸಾಯಿ ಅಂಕಲ್:
ಮಗಳೇ, ಹೆದರಬೇಡ. ಇದೇ ಮುಂಬೈ ಧರ್ಮಪ್ರಾಂತ್ಯದ ಫಾದರ್ ಜೋ ಪಿರೇರಾ ಅವರ ಹೆಸರು ಕೇಳಿದ್ದೀಯಲ್ಲ? ಅವರು ಬಿ.ಕೆ.ಎಸ್. ಅಯ್ಯಂಗಾರರ ಶಿಷ್ಯರು. 1981ರಲ್ಲಿ ಕೃಪಾ ಫೌಂಡೇಶನ್ ಶುರು ಮಾಡಿ, ಕುಡಿತ ಬಿಡಿಸುವುದಕ್ಕೆ ಯೋಗವನ್ನೇ ಬಳಸಿದರು. 2009ರಲ್ಲಿ ಪದ್ಮಶ್ರೀ ಬಂತು. ಚರ್ಚಿನಲ್ಲಿ ಬಲಿಪೂಜೆ (ಮಾಸ್) ಅರ್ಪಿಸುವ ಗುರುಗಳೇ ಶೀರ್ಷಾಸನ ಹಾಕುತ್ತಾರೆ, ನಿನ್ನ ಬೆನ್ನುನೋವಿಗೆ ನಾಲ್ಕು ಆಸನ ಮಾಡಿದರೆ ಪಾಪವಾ?

ನನ್ನ ಸ್ವಂತ ಅಣ್ಣ ಕುಡಿತಕ್ಕೆ ಬಿದ್ದು ಮನೆ ಕಳೆದುಕೊಂಡವನು. ಅವನನ್ನು ಎತ್ತಿದ್ದು ಇಂಥದ್ದೇ ಒಂದು ಕೇಂದ್ರ. ಬೆಳಿಗ್ಗೆ ಆಸನ, ಆಮೇಲೆ ಪ್ರಾರ್ಥನೆ, ಆಮೇಲೆ ಮಾತುಕತೆ. ಯಾವುದರಿಂದ ವಾಸಿಯಾಯಿತು ಅಂತ ನಾವು ಇವತ್ತಿಗೂ ಬಿಡಿಸಿ ನೋಡಲು ಹೋಗಿಲ್ಲ.

ಸತ್ಯವೇದ ಓದುಗ:
ಅಂಕಲ್, ಗೌರವದಿಂದಲೇ ಹೇಳುತ್ತೇನೆ. ಒಬ್ಬ ಫಾದರ್ ಮಾಡಿದರು ಅಂದ ಮಾತ್ರಕ್ಕೆ ಸರಿಯಾಗುವುದಿಲ್ಲ. ರೋಮ್‌ನಲ್ಲಿ ದೆವ್ವ ಬಿಡಿಸುತ್ತಿದ್ದ ಫಾದರ್ ಗಾಬ್ರಿಯೇಲೆ ಅಮೋರ್ಥ್ 2011ರಲ್ಲಿ ಯೋಗ ಸೈತಾನನದ್ದು ಅಂತಲೇ ಹೇಳಿದ್ದರು. ಅವರೂ ನಿಮ್ಮವರೇ ಅಲ್ವಾ? ಗ್ರೀಸ್‌ನ ಆರ್ಥೊಡಾಕ್ಸ್ ಸಭೆ 2020ರಲ್ಲಿ, ಯೋಗಕ್ಕೆ ಕ್ರೈಸ್ತರ ಬದುಕಿನಲ್ಲಿ ಜಾಗವಿಲ್ಲ ಅಂತ ಹೇಳಿತು.

ಮೀರಾ ರೋಡಿನ ಅಕ್ಕ, ನಿಮ್ಮ ಕ್ಲಾಸಿನ ಶ್ಲೋಕ ಯಾವುದು ಅಂತ ಒಮ್ಮೆ ಕೇಳಿ ನೋಡಿ. "ಶಂಖಚಕ್ರಾಸಿಧಾರಿಣಂ, ಸಹಸ್ರಶಿರಸಂ ಶ್ವೇತಂ, ಪ್ರಣಮಾಮಿ ಪತಂಜಲಿಂ" ಅಂತ ಇರಬೇಕು. ಶಂಖ, ಚಕ್ರ, ಖಡ್ಗ ಹಿಡಿದ, ಸಾವಿರ ತಲೆಯ ಒಬ್ಬನಿಗೆ ಕೈಮುಗಿಯುತ್ತಿದ್ದೀರಿ. ಇದು ವ್ಯಾಯಾಮವಾ?

ಫಿಸಿಯೋ ಡೊಂಬಿವಲಿ:
ಧರ್ಮದ ವಿಷಯ ದೊಡ್ಡವರು ಮಾತಾಡಲಿ. ಅಕ್ಕ, ಡಿಸ್ಕ್ ಉಬ್ಬಿದೆ ಅಂದಿರಿ. ಹಾಗಿದ್ದರೆ ಸೊಂಟದಿಂದ ಮುಂದೆ ಬಗ್ಗುವ ಆಸನಗಳನ್ನು ನಾವು ಸಾಮಾನ್ಯವಾಗಿ ಸದ್ಯಕ್ಕೆ ಬೇಡ ಅನ್ನುತ್ತೇವೆ. ಸೂರ್ಯನಮಸ್ಕಾರದಲ್ಲಿ ಪಾದ ಮುಟ್ಟುವುದು ಎರಡು ಸಲ ಬರುತ್ತದೆ, ಅದೂ ಬೇಗ ಬೇಗ. ಮಂತ್ರ ಇರಲಿ ಬಿಡಲಿ, ನಿಮಗೆ ಈಗ ಅದು ಬೇಡ. ಹೊಟ್ಟೆಯ ಮೇಲೆ ಮಲಗಿ ಎದೆ ಎತ್ತುವುದು ಹೆಚ್ಚಿನವರಿಗೆ ಹಿತವಾಗುತ್ತದೆ, ಆದರೆ ಎಲ್ಲರಿಗೂ ಅಲ್ಲ. ಕಾಲಿಗೆ ಜೋಮು ಇಳಿದರೆ ನಿಲ್ಲಿಸಿ, ಡಾಕ್ಟರನ್ನು ನೋಡಿ. ಟೀಚರಿಗೆ ಎಂಆರ್‌ಐ ರಿಪೋರ್ಟ್ ತೋರಿಸಿದ್ದೀರಾ?

ಮೀರಾರೋಡ್ ಸೊಸೆ:
ಇಲ್ಲ ಮಾರಾಯ್ತಿ, ಯಾರೂ ಕೇಳಲೇ ಇಲ್ಲ.

ಧಾರವಾಡ ಟು ಕೋಥ್ರೂಡ್:
ನಾನು ಬಾಸೆಲ್ ಮಿಷನ್ (ಪ್ರೊಟೆಸ್ಟಂಟ್) ಮನೆತನದವನು, ಈಗ ಪುಣೆ. ಮಾಡೆಲ್ ಕಾಲೊನಿಯ ಅಯ್ಯಂಗಾರ್ ಸಂಸ್ಥೆಯಲ್ಲಿ ಕಲಿತವರ ಹತ್ತಿರ ಕಲಿಯುತ್ತೇನೆ. ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ಗೋಡೆಗೆ ಕಟ್ಟಿದ ಹಗ್ಗ. ನೋಡಿದರೆ ಬಡಗಿ ಅಂಗಡಿ ಅನ್ನಿಸಬೇಕು. ಬೆನ್ನಿನವರಿಗೆ ಬೇರೆಯೇ ಆಸನ ಕೊಡುತ್ತಾರೆ, ಎಲ್ಲರನ್ನೂ ಒಟ್ಟಿಗೆ ಬಗ್ಗಿಸುವುದಿಲ್ಲ.

ಸತ್ಯವೇದ ಓದುಗರು ಹೇಳಿದ ಶ್ಲೋಕ ನಮ್ಮಲ್ಲೂ ಇದೆ. ನಾನು ಆ ಹೊತ್ತಿಗೆ ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತೇನೆ. ಯಾರೂ ಇದುವರೆಗೆ ಯಾಕೆ ಅಂತ ಕೇಳಿಲ್ಲ.

ಇನ್ನೊಂದು ಮಾತು ರೀ. ನಾವೆಲ್ಲ ಯೋಗ ಅಂದ ಕೂಡಲೇ ಐದು ಸಾವಿರ ವರ್ಷ ಅಂತ ಶುರು ಮಾಡುತ್ತೇವೆ. ಇವತ್ತು ಕ್ಲಾಸುಗಳಲ್ಲಿ ನಡೆಯುವುದರಲ್ಲಿ ಬಹಳಷ್ಟು ರೂಪ ಪಡೆದದ್ದು 1930ರ ದಶಕದ ಮೈಸೂರಿನಲ್ಲಿ, ನಾಲ್ವಡಿಯವರ ಆಶ್ರಯದಲ್ಲಿ, ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ಕೃಷ್ಣಮಾಚಾರ್ಯರ ಕೈಯಲ್ಲಿ. ಅವರ ಭಾವಮೈದುನನೇ ಬೆಳ್ಳೂರಿನ ಅಯ್ಯಂಗಾರರು. 1937ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಕಲಿಸಲು ಬಂದವರು ಇಲ್ಲೇ ಉಳಿದರು. ಸೂರ್ಯನಮಸ್ಕಾರವನ್ನು ಶಾಲೆಯ ಕಸರತ್ತಿನ ಥರ ಮನೆಮನೆಗೆ ಮುಟ್ಟಿಸಿದ್ದು ಇದೇ ಸಾತಾರಾ ಕಡೆಯ ಔಂಧ್ ರಾಜರು, 1920ರ ದಶಕದಲ್ಲಿ. ಅಂದರೆ ವ್ಯಾಯಾಮಶಾಲೆಯ ವಾಸನೆ ಇದಕ್ಕೆ ಮೊದಲಿಂದಲೂ ಇದೆ.

ಮಾಟುಂಗಾ ಆಚಾರ್:
ನಾನು ಹಿಂದೂ, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೈಯಬೇಡಿ. ಔಂಧ್ ರಾಜರು ಕಸರತ್ತು ಮಾಡಿಸಿದರು ಸರಿ, ಆದರೆ ಅವರೂ ಮಂತ್ರ ಬಿಟ್ಟಿರಲಿಲ್ಲ. ಪತಂಜಲಿಯ ಯೋಗಸೂತ್ರ ತೆಗೆದು ನೋಡಿ. ಇನ್ನೂರಕ್ಕೆ ಹತ್ತಿರ ಸೂತ್ರಗಳಲ್ಲಿ ಆಸನಕ್ಕೆ ಮೂರೇ. ಉಳಿದದ್ದೆಲ್ಲ ಮನಸ್ಸು, ನಡತೆ, ಧ್ಯಾನ. ಈಶ್ವರಪ್ರಣಿಧಾನ, ಅಂದರೆ ಈಶ್ವರನಿಗೆ ಶರಣಾಗುವುದು ಅಂತ ಸ್ಪಷ್ಟವಾಗಿ ಇದೆ, ಈಶ್ವರನನ್ನು ಸೂಚಿಸುವುದು ಪ್ರಣವ, ಅಂದರೆ ಓಂ ಅಂತಲೂ ಇದೆ. ಓಂ ಬೇಡ, ಶ್ಲೋಕ ಬೇಡ, ಬರೀ ಆಸನ ಕೊಡಿ ಅಂದರೆ ಅದಕ್ಕೆ ಸ್ಟ್ರೆಚಿಂಗ್ ಅನ್ನಿ. ಯೋಗ ಅನ್ನಬೇಡಿ. 2010ರಲ್ಲಿ ಅಮೆರಿಕದ ಹಿಂದೂಗಳು ಇದನ್ನೇ ಒಂದು ಅಭಿಯಾನ ಮಾಡಿದ್ದರು, ಯೋಗದ ಬೇರು ಹಿಂದೂ ಧರ್ಮದಲ್ಲಿದೆ ಅನ್ನುವುದನ್ನು ಮರೆಸಬೇಡಿ ಅಂತ.

ಸತ್ಯವೇದ ಓದುಗ:
ಆಚಾರ್ ಸರ್, ಇಡೀ ಚರ್ಚೆಯಲ್ಲಿ ನನ್ನ ಮಾತು ಸರಿಯಾಗಿ ಹಿಡಿದವರು ನೀವೊಬ್ಬರೇ. ನಿಮ್ಮವರೇ ಇದು ಪೂಜೆಯ ಭಾಗ ಅನ್ನುವಾಗ ನಮ್ಮವರು ಇಲ್ಲ ಇಲ್ಲ ಬರೀ ವ್ಯಾಯಾಮ ಅನ್ನುವುದು ನಿಮಗೂ ಅವಮಾನ, ನಮಗೂ ಮೋಸ.

ಕುರ್ಲಾ ಕಾಕ:
ಪೆಂಟೆಕೋಸ್ಟ್ ಮತ್ತು ಮಾಧ್ವರು ಒಂದೇ ಕಡೆ. ಮುಂಬೈಯಲ್ಲಿ ಮಾತ್ರ ಸಾಧ್ಯ.

ಅಂಧೇರಿ ಯೋಗ ಟೀಚರ್:
ಕಲಿಸುವವಳಾಗಿ ನಾನೂ ಸ್ವಲ್ಪ ಹೇಳಲಾ? ಆಚಾರ್ ಅವರ ಮಾತು ಪುಸ್ತಕದಲ್ಲಿ ಸರಿ. ಆದರೆ ನನ್ನ ಬ್ಯಾಚಿಗೆ ಬರುವವರು ಕೈವಲ್ಯ ಹುಡುಕಿಕೊಂಡು ಬರುವುದಿಲ್ಲ. ಮಂಡಿನೋವು, ಶುಗರ್, ನಿದ್ದೆ ಇಲ್ಲ, ಸೊಸೆಯ ಕಾಟ, ಇಷ್ಟೇ. ಓಂ ಹೇಳುವಾಗ ಹಿಂದೂಗಳೇ ಅರ್ಧ ಜನ ವಾಟ್ಸ್ಯಾಪ್ ನೋಡುತ್ತಿರುತ್ತಾರೆ.

ನನ್ನಲ್ಲಿ ಕ್ಯಾಥೊಲಿಕ್ ಹೆಂಗಸರು ಇದ್ದಾರೆ, ಇಬ್ಬರು ಮುಸ್ಲಿಂ ಅಕ್ಕತಂಗಿಯರೂ ಇದ್ದಾರೆ. ಶುರುವಿಗೆ ನಾನು ಹೇಳುವುದು ಇಷ್ಟು: ಒಂದು ನಿಮಿಷ ಕಣ್ಣು ಮುಚ್ಚಿ, ನಿಮಗೆ ಬೇಕಾದ್ದನ್ನು ನೆನೆಯಿರಿ. ಸೂರ್ಯನಮಸ್ಕಾರಕ್ಕೆ ಒಂದು, ಎರಡು, ಮೂರು ಅಂತ ಎಣಿಸುತ್ತೇನೆ. 2015ರಲ್ಲಿ ಮೊದಲ ಯೋಗ ದಿನಕ್ಕೆ ಸರ್ಕಾರವೇ ಆಕ್ಷೇಪ ಬಂದಮೇಲೆ ಸೂರ್ಯನಮಸ್ಕಾರವನ್ನು ಕಾರ್ಯಕ್ರಮದಿಂದ ಬಿಟ್ಟಿತ್ತಲ್ಲ? ನಾನೊಬ್ಬಳು ಎಣಿಸಿದರೆ ಯಾರ ಗಂಟು ಹೋಯಿತು?

ಆದರೆ ಎಲ್ಲ ಟೀಚರೂ ಹಾಗಿಲ್ಲ. ಕೆಲವರು ಬಾಯಿ ಮುಚ್ಚಿ ಕೂತವರನ್ನು ದುರುಗುಟ್ಟಿ ನೋಡುತ್ತಾರೆ. ಅಂಥ ಕ್ಲಾಸ್ ಬಿಡಿ, ಬೇರೆ ಹುಡುಕಿ.

ಒರ್ಲೆಂ ಹುಡುಗ:
2015ರ ಯೋಗ ದಿನ ಭಾನುವಾರ ಬಿದ್ದಿತ್ತು. ಅವತ್ತು ನಮ್ಮ ಕಡೆಯವರ ಸಿಟ್ಟು ಓಂ ಮೇಲೆ ಇದ್ದಷ್ಟೇ ಭಾನುವಾರದ ಮೇಲೂ ಇತ್ತು. ಪೂಜೆ ಬಿಟ್ಟು ಮೈದಾನಕ್ಕೆ ಬನ್ನಿ ಅಂದರೆ ಯಾರು ಬರುತ್ತಾರೆ?

ಸತ್ಯವೇದ ಓದುಗ:
ಭಾನುವಾರದ ಮಾತು ಬಂತು, ಅದಕ್ಕೇ ಹೇಳುತ್ತೇನೆ. ನನ್ನ ತಂಗಿ ಹೀಗೇ ಶುರು ಮಾಡಿದಳು. ಕತ್ತು ನೋವು. ಮೊದಲು ಆಸನ, ಆಮೇಲೆ ಪ್ರಾಣಾಯಾಮ, ಆಮೇಲೆ ಗುರುಗಳ ವಾರಾಂತ್ಯದ ಶಿಬಿರ. ಶಿಬಿರದಲ್ಲಿ ಏನೋ ಬೆಳಕು ಕಂಡಿತಂತೆ, ಬೆನ್ನುಹುರಿಯಲ್ಲಿ ಬಿಸಿ ಏರಿತಂತೆ. ಸಭೆಯಲ್ಲಿ ಇಷ್ಟು ವರ್ಷ ಸಿಗದ ಶಾಂತಿ ಅಲ್ಲಿ ಸಿಕ್ಕಿತು ಅಂದಳು. ಈಗ ಭಾನುವಾರ ಆರಾಧನೆಗೆ ಬರುವುದಿಲ್ಲ, ಅದೇ ಹೊತ್ತಿಗೆ ಅವರ ಗುಂಪು ಸೇರುತ್ತದೆ. ಅವಳನ್ನು ಯಾವ ದೆವ್ವವೂ ಹಿಡಿದಿಲ್ಲ, ಆರಾಮಾಗಿಯೇ ಇದ್ದಾಳೆ. ಆದರೆ ಮನೆಯಲ್ಲಿ ಊಟಕ್ಕೆ ಮುಂಚೆ ಪ್ರಾರ್ಥಿಸುವಾಗ ಅವಳು ಎದ್ದು ಹೋಗುತ್ತಾಳೆ. ನಮ್ಮ ಅಮ್ಮನಿಗೆ ಅದನ್ನು ನೋಡಲಾಗುವುದಿಲ್ಲ.

ನಾನು ಸುಮ್ನೆ ಹಠಕ್ಕೆ ಮಾತಾಡುತ್ತಿದ್ದೇನೆ ಅಂದುಕೊಳ್ಳಬೇಡಿ.

ಮೀರಾರೋಡ್ ಸೊಸೆ:
ಅಣ್ಣ, ಓದಿ ಬೇಜಾರಾಯಿತು. ನಿಮ್ಮ ಅಮ್ಮನಿಗಾಗಿ ಪ್ರಾರ್ಥಿಸುತ್ತೇನೆ.

ಮಡಗಾಂವ್ ಮಾಸ್ಟ್ರು:
ಸತ್ಯವೇದ ಓದುಗರು ಹೇಳಿದ ಆ ಬಿಸಿ, ಬೆಳಕಿನ ವಿಷಯ ನನಗೆ ಮುಖ್ಯ ಅನ್ನಿಸಿತು. 1989ರ ಅಕ್ಟೋಬರ್ 15ರಂದು ವ್ಯಾಟಿಕನ್‌ನಿಂದ ಒಂದು ಪತ್ರ ಬಂತು, ಕ್ರೈಸ್ತ ಧ್ಯಾನದ ಬಗ್ಗೆ. ಸಹಿ ಮಾಡಿದ್ದು ಕಾರ್ಡಿನಲ್ ರಾಟ್ಸಿಂಗರ್, ಮುಂದೆ ಪೋಪ್ ಬೆನೆಡಿಕ್ಟ್ ಆದವರು. ಅದರಲ್ಲಿ ಯೋಗ, ಝೆನ್ ಎರಡರ ಹೆಸರೂ ಇದೆ. ಕ್ರೈಸ್ತರದ್ದಲ್ಲ ಅನ್ನುವ ಒಂದೇ ಕಾರಣಕ್ಕೆ ಇಂಥ ವಿಧಾನಗಳನ್ನು ತಳ್ಳಿಹಾಕಬಾರದು ಅಂತ ಪತ್ರ ಹೇಳುತ್ತದೆ. ಜೊತೆಗೇ ಒಂದು ಎಚ್ಚರಿಕೆ. ದೇಹದ ಅಭ್ಯಾಸಗಳಿಂದ ತಾನಾಗಿ ಒಂದು ಹಾಯಾದ ಸ್ಥಿತಿ, ಬೆಳಕು, ಬೆಚ್ಚಗಿನ ಅನುಭವ ಬರಬಹುದು. ಅದನ್ನೇ ಪವಿತ್ರಾತ್ಮರ ಸಾಂತ್ವನ ಅಂತ ತಿಳಿದರೆ ದಾರಿ ತಪ್ಪುತ್ತದೆ. ಮೈ ಹಗುರಾಗುವುದು ಬೇರೆ, ದೇವರ ಜೊತೆ ಮಾತಾಡುವುದು ಬೇರೆ. ಇದನ್ನು ಮರೆಯದವರಿಗೆ ಭುಜಂಗಾಸನದಿಂದ ಏನೂ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮರೆತವರಿಗೆ ನಮ್ಮ ಕರಿಸ್ಮ್ಯಾಟಿಕ್ ರಿಟ್ರೀಟಿನಲ್ಲೂ (ಭಾವಾವೇಶದ ಪ್ರಾರ್ಥನಾ ಶಿಬಿರ) ಇದೇ ಅಪಾಯ, ಅಲ್ಲೂ ಬಿಸಿ ಏರಿತು ಅನ್ನುವವರಿಗೆ ಕಮ್ಮಿ ಇಲ್ಲ.

ಉಸಿರಿನ ಜೊತೆ ಪ್ರಾರ್ಥನೆ ನಮ್ಮಲ್ಲಿ ಹೊಸದೂ ಅಲ್ಲ. ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಧ್ಯಾನಕ್ಕೆ ಬರೆದ ಕೈಪಿಡಿಯಲ್ಲಿ ಒಂದು ವಿಧಾನ ಇದೆ. ಒಂದು ಉಸಿರಿಗೆ ಪರಲೋಕ ಪ್ರಾರ್ಥನೆಯ ಒಂದೇ ಪದ, ಮುಂದಿನ ಉಸಿರಿನ ತನಕ ಆ ಪದದ ಮೇಲೇ ಮನಸ್ಸು. ಇದು ಅಚ್ಚಾದದ್ದು 1548ರಲ್ಲಿ. ಪ್ಯಾರಿಸ್‌ನಲ್ಲಿ ಇಗ್ನೇಷಿಯಸರ ಕೈಯಲ್ಲಿ ಈ ಧ್ಯಾನ ಮಾಡಿದವರಲ್ಲಿ ಒಬ್ಬರು ನಮ್ಮ ಹಳೇ ಗೋವಾದ ಗೊಯೆಂಚೊ ಸಾಯ್ಬ್, ಸಂತ ಫ್ರಾನ್ಸಿಸ್ ಕ್ಸೇವಿಯರ್.

ಧಾರವಾಡ ಟು ಕೋಥ್ರೂಡ್:
ಮಾಸ್ಟ್ರೇ, ಒಳ್ಳೆಯ ಮಾಹಿತಿ. ಆದರೆ ಗೋವಾದಲ್ಲಿ ಇಂಕ್ವಿಸಿಷನ್ (ಮತ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಮಂಡಳಿ) ಬೇಕು ಅಂತ 1546ರಲ್ಲಿ ಪೋರ್ಚುಗಲ್ ರಾಜನಿಗೆ ಬರೆದವರೂ ಅದೇ ಕ್ಸೇವಿಯರ್. ಅದನ್ನೂ ಹೇಳಬೇಕಲ್ಲ?

ಮಡಗಾಂವ್ ಮಾಸ್ಟ್ರು:
ಯಾಕೆ ಹೇಳಬಾರದು? 1560ರಲ್ಲಿ ಇಂಕ್ವಿಸಿಷನ್ ಬಂತು, 1812ರ ತನಕ ಇತ್ತು. 1736ರ ಅದರ ಆಜ್ಞೆ ಓದಿದರೆ ಇವತ್ತಿನ ಪ್ರೇಯರ್ ಗ್ರೂಪ್ ಆಂಟಿಯರು ಎಷ್ಟೋ ವಾಸಿ ಅನ್ನಿಸುತ್ತದೆ. ಮನೆಯಂಗಳದಲ್ಲಿ ತುಳಸಿ ಬೇಡ, ಮದುವೆಯಲ್ಲಿ ಹಳೆಯ ಹಾಡು ಬೇಡ, ಹಿಂದೂಗಳ ಹಾಗೆ ಉಪ್ಪು ಹಾಕದೆ ಅನ್ನ ಬೇಯಿಸುವುದೂ ಬೇಡ! ಮಂಗಳೂರು ಕಡೆಯ ಕ್ಯಾಥೊಲಿಕರ ಹಿರಿಯರಲ್ಲಿ ಎಷ್ಟೋ ಮಂದಿ ಗೋವಾ ಬಿಟ್ಟು ಕೆನರಾಕ್ಕೆ ಬಂದದ್ದಕ್ಕೆ ಬರಗಾಲ, ಮರಾಠರ ದಾಳಿಯ ಜೊತೆಗೆ ಇದೂ ಒಂದು ಕಾರಣ. ಮೀರಾ ರೋಡಿನ ಅಕ್ಕ, ನಿಮ್ಮ ಮದುವೆಗೆ ರೋಸ್ (ಮದುವೆಗೆ ಮುಂಚಿನ ಸ್ನಾನದ ಶಾಸ್ತ್ರ) ಇತ್ತಲ್ಲ? ತೆಂಗಿನ ಹಾಲು ಹಚ್ಚಿದರಲ್ಲ? ಮೊಂತಿ ಫೆಸ್ತ್‌ಗೆ (ಮರಿಯಮ್ಮನ ಹುಟ್ಟುಹಬ್ಬ) ಹೊಸ ತೆನೆ ಆಶೀರ್ವಾದ ಮಾಡಿಸಿ, ಅನ್ನಕ್ಕೆ, ಪಾಯಸಕ್ಕೆ ಹಾಕುತ್ತೀರಲ್ಲ? ಎಲ್ಲ ಈ ನೆಲದ್ದೇ. ಯಾರ ವಿಶ್ವಾಸವೂ ಕರಗಿಲ್ಲ.

ಒರ್ಲೆಂ ಹುಡುಗ:
ರೋಸ್ ಬಗ್ಗೆ ಯಾಕೆ ನೆನಪು ಮಾಡಿದಿರಿ, ನನ್ನ ತಲೆಗೆ ಮೊಟ್ಟೆ ಒಡೆದವರನ್ನು ಇನ್ನೂ ಹುಡುಕುತ್ತಿದ್ದೇನೆ.

ವಸಾಯಿ ಅಂಕಲ್:
ಈಗಿನ ರೋಸ್‌ನಲ್ಲಿ ಬಿಯರ್ ಸುರಿಯುತ್ತಾರೆ ಮಾರಾಯ್ರೆ. ನಮ್ಮ ಕಾಲದಲ್ಲಿ ವೋವಿಯೊ, ಅಂದರೆ ಮದುವೆ ಹಾಡು, ಹಾಡುವ ಅಜ್ಜಿಯರಿದ್ದರು. ಈಗ ಡಿಜೆ.

ಮಾಟುಂಗಾ ಆಚಾರ್:
ನಮ್ಮ ಅಮ್ಮ ಮೊಣಕಾಲು ನೋವಿಗೆ ಬಾಂದ್ರಾದ ಮೌಂಟ್ ಮೇರಿಗೆ ಮೇಣದ ಕಾಲು ಒಪ್ಪಿಸಿ ಬಂದಿದ್ದರು, ಸೆಪ್ಟೆಂಬರ್ ಜಾತ್ರೆಯಲ್ಲಿ. ಮನೆಗೆ ಬಂದು ರಾಯರಿಗೂ ದೀಪ ಹಚ್ಚಿದರು. ನಮಗೆ ಅದು ವಿಷಯವೇ ಅನ್ನಿಸಲಿಲ್ಲ.

ಸತ್ಯವೇದ ಓದುಗ:
ಮೇಣದ ಕಾಲನ್ನೂ ನಾವು ಒಪ್ಪುವುದಿಲ್ಲ ಸರ್, ಬೇಜಾರು ಮಾಡಿಕೊಳ್ಳಬೇಡಿ. ಮಾಸ್ಟ್ರೇ, ತೆಂಗಿನ ಹಾಲು ಯಾವ ದೇವರಿಗೂ ಕೈಮುಗಿಯುವುದಿಲ್ಲ. ಶ್ಲೋಕ ಕೈಮುಗಿಯುತ್ತದೆ. ನನ್ನ ಗೆರೆ ಅಲ್ಲಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ ಪೌಲನು ಕರ್ತನ ಮೇಜು, ದೆವ್ವಗಳ ಮೇಜು ಎರಡರಲ್ಲೂ ಕೂರಬೇಡಿ ಅನ್ನುತ್ತಾನೆ.

ಧಾರವಾಡ ಟು ಕೋಥ್ರೂಡ್:
ಅದೇ ಅಧ್ಯಾಯ ಮುಂದೆ ಓದಿ ರೀ. ಸಂತೆಯಲ್ಲಿ ಮಾರುವ ಮಾಂಸವನ್ನು ಏನೂ ವಿಚಾರಿಸದೆ ತಿನ್ನಿ, ಭೂಮಿಯಲ್ಲಿರುವುದೆಲ್ಲ ಕರ್ತನದ್ದು ಅಂತಲೂ ಅವನೇ ಬರೆದಿದ್ದಾನೆ. ಯಾರಾದರೂ ಇದು ವಿಗ್ರಹಕ್ಕೆ ಅರ್ಪಿಸಿದ್ದು ಅಂತ ಹೇಳಿದರೆ ಆಗ ಬಿಡಿ, ಅದೂ ಹೇಳಿದವನ ಮನಸ್ಸಾಕ್ಷಿಗಾಗಿ. ನಾನು ಶ್ಲೋಕ ಹೇಳುವುದಿಲ್ಲ, ಆಸನ ಬಿಡುವುದಿಲ್ಲ. ಎರಡೂ ಪೌಲನಿಂದಲೇ ಕಲಿತದ್ದು.

ಸತ್ಯವೇದ ಓದುಗ:
ಹಾಗಾದರೆ ಆ ಮನಸ್ಸಾಕ್ಷಿಯ ಮಾತನ್ನೂ ಪೂರ್ತಿ ತೆಗೆದುಕೊಳ್ಳಿ. ನೀವು ಆ ಹಾಲ್‌ನಲ್ಲಿ ಕೂತಿರುವುದನ್ನು ನೋಡಿ ನನ್ನ ತಂಗಿಯಂಥವರು ಹೋದರೆ? ನಿಮಗೆ ಏನೂ ಆಗಲಿಲ್ಲ ಅನ್ನುವುದಷ್ಟೇ ಸಾಕಾ?

ಧಾರವಾಡ ಟು ಕೋಥ್ರೂಡ್:
ಇದಕ್ಕೆ ನನ್ನ ಹತ್ತಿರ ತಕ್ಷಣದ ಉತ್ತರ ಇಲ್ಲ. ಯೋಚಿಸುತ್ತೇನೆ.

ಬಾಂದ್ರಾ ಈಸ್ಟ್:
ಯಾರೂ ಫಾದರ್ ಆಂಟನಿ ಡಿಮೆಲ್ಲೊ ಹೆಸರು ಎತ್ತಲಿಲ್ಲ. ಮುಂಬೈಯಲ್ಲೇ ಹುಟ್ಟಿದವರು, ಪುಣೆ, ಲೋನಾವಳದಲ್ಲಿ ಧ್ಯಾನ ಕಲಿಸಿದರು. ಪೂರ್ವದ ವಿಧಾನ ಬೆರೆಸಿದ್ದಕ್ಕೇ ತಾನೇ 1998ರಲ್ಲಿ ರೋಮ್ ಅವರ ಬರಹಗಳನ್ನು ತಪ್ಪು ಅಂದಿದ್ದು?

ಮಡಗಾಂವ್ ಮಾಸ್ಟ್ರು:
ಅಷ್ಟು ಸರಳ ಅಲ್ಲ. ಅವರು ತೀರಿಕೊಂಡದ್ದು 1987ರಲ್ಲಿ, ಸೂಚನೆ ಬಂದದ್ದು ಹನ್ನೊಂದು ವರ್ಷದ ಮೇಲೆ. ಪೂರ್ವದ ಪ್ರಭಾವ ಇದ್ದರೂ ಅವರ ಮೊದಮೊದಲ ಬರಹಗಳು ಕ್ರೈಸ್ತ ಅಧ್ಯಾತ್ಮದ ಚೌಕಟ್ಟಿನಲ್ಲೇ ಇದ್ದವು ಅಂತ ಆ ಸೂಚನೆಯೇ ಒಪ್ಪುತ್ತದೆ. ತಕರಾರು ಇದ್ದದ್ದು ಆಮೇಲಿನದ್ದರ ಬಗ್ಗೆ. ದೇವರು ವ್ಯಕ್ತಿಯೇ ಅಲ್ಲ ಅನ್ನುವ ಹಾಗೆ, ಯೇಸು ಹಲವು ಗುರುಗಳಲ್ಲಿ ಒಬ್ಬರು ಅನ್ನುವ ಹಾಗೆ ಬರೆದಿದ್ದಾರೆ ಅಂತ. ಉಸಿರು ಗಮನಿಸಿ ಅಂದದ್ದಕ್ಕೆ ಅಲ್ಲ.

ವಸಾಯಿ ಅಂಕಲ್:
ಅವರ ರಿಟ್ರೀಟಿಗೆ ಹೋದವರು ಹೇಳುತ್ತಿದ್ದರು, ನಗಿಸಿ ನಗಿಸಿ ಸಾಕು ಮಾಡುತ್ತಿದ್ದರಂತೆ. ಈಗಿನವರು ಹೆದರಿಸಿ ಸಾಕು ಮಾಡುತ್ತಾರೆ.

ಮಾಡರೇಟರ್:
ವಿಷಯಕ್ಕೆ ಬನ್ನಿ. ಕ್ಯಾಥೊಲಿಕ್, ಪೆಂಟೆಕೋಸ್ಟ್ ಜಗಳ ಶುರುವಾದರೆ ಬಾಗಿಲು ಹಾಕುತ್ತೇನೆ.

ಕುರ್ಲಾ ಕಾಕ:
ಹಾಕಿ, ಆ ಆಂಟಿಗೂ ಅದೇ ಬೇಕಿತ್ತು.

ಮೀರಾರೋಡ್ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಟೀಚರಿಗೆ ರಿಪೋರ್ಟ್ ತೋರಿಸಿದೆ. "ಮೊದಲೇ ಹೇಳಬಾರದಿತ್ತಾ" ಅಂತ ನನಗೇ ಬೈದರು. ಮುಂದೆ ಬಗ್ಗುವುದೆಲ್ಲ ಬಂದ್. ಶ್ಲೋಕ ನಾನು ಹೇಳುವುದಿಲ್ಲ ಅಂದೆ, ಭುಜ ಕುಣಿಸಿದರು, ಅಷ್ಟೇ. ಸೂರ್ಯನಮಸ್ಕಾರದ ಹೊತ್ತಿಗೆ ನಾನು ಗೋಡೆ ಪಕ್ಕ ಮಲಗಿ ಕಾಲು ಕುರ್ಚಿಯ ಮೇಲೆ ಇಟ್ಟುಕೊಳ್ಳುತ್ತೇನೆ. ಇಗ್ನೇಷಿಯಸರ ಉಸಿರಿನ ಪ್ರಾರ್ಥನೆ ಆಗ ಮಾಡಿ ನೋಡಿದೆ. "ಪರಲೋಕದಲ್ಲಿ" ತನಕ ಚೆನ್ನಾಗಿತ್ತು, ಆಮೇಲೆ ಮಗನ ಡಬ್ಬಿಗೆ ಏನು ಹಾಕುವುದು ಅಂತ ಯೋಚನೆ ಬಂತು.

ಪಾಪನಿವೇದನೆಯ ವಿಷಯ: ನಮ್ಮ ಫಾದರನ್ನೇ ನೇರ ಕೇಳಿದೆ. "ಯಾರಿಗೆ ಪ್ರಾರ್ಥಿಸುತ್ತೀ ಅನ್ನುವುದು ನಿನಗೆ ಗೊತ್ತಿದೆಯಲ್ಲ, ಹೋಗು" ಅಂದರು. ಅಣ್ಣ ಹೇಳಿದ ತಂಗಿಯ ಕಥೆಯೂ ತಲೆಯಲ್ಲಿದೆ. ಶಿಬಿರ ಗಿಬಿರ ಅಂದರೆ ನಾನು ಹೋಗುವವಳಲ್ಲ.

ಸತ್ಯವೇದ ಓದುಗ:
ನಿಮ್ಮ ಫಾದರ್ ಮಾತು ನನಗೆ ಸಾಲದು. ಆದರೆ ನೀವು ಶ್ಲೋಕ ಬಿಟ್ಟದ್ದು ಒಳ್ಳೆಯದಾಯಿತು ಅಕ್ಕ.

ಫಿಸಿಯೋ ಡೊಂಬಿವಲಿ:
ಕುರ್ಚಿಯ ಮೇಲೆ ಕಾಲು ಇಡುವಾಗ ಮೊಣಕಾಲು ಲಂಬಕೋನದಲ್ಲಿ (90 ಡಿಗ್ರಿ) ಇರಲಿ. ಏಳುವಾಗ ಮಗ್ಗುಲಿಗೆ ಹೊರಳಿ ಕೈಯೂರಿ ಏಳಿ, ನೇರ ಎದ್ದು ಕೂರಬೇಡಿ. ಇನ್ನು ಲೋಕಲ್‌ನಲ್ಲಿ ನಿಲ್ಲುವುದಾದರೆ ಬ್ಯಾಗ್ ಒಂದೇ ಭುಜಕ್ಕೆ ಹಾಕಬೇಡಿ.

ಒರ್ಲೆಂ ಹುಡುಗ:
ಅಂಧೇರಿ ಟೀಚರಕ್ಕ, ಸಂಜೆ ಬ್ಯಾಚ್ ಇದೆಯಾ? ನನಗೆ ಬೆಳಿಗ್ಗೆ ಏಳುವುದು ಯಾವ ಧರ್ಮದಲ್ಲೂ ಆಗುವುದಿಲ್ಲ.

ಅಂಧೇರಿ ಯೋಗ ಟೀಚರ್:
ಏಳು ಗಂಟೆಗೆ ಇದೆ. ಹೊಟ್ಟೆ ತುಂಬ ತಿಂದು ಬರಬೇಡಿ, ವಡಾಪಾವ್ ಕೂಡ ಬೇಡ.